ಖಾಲಿ ಡಬ್ಬಿ

ಗಂಡನ ಮನೆ ಗೋಕಾಕ, ತವರು ಮೂಡಲಗಿ, ನಾದಿನಿಯನ್ನು ಕೊಟ್ಟದ್ದು ಹುಕ್ಕೇರಿಗೆ. ನನ್ನ ವ್ಯಾಪಾರದ ನಕಾಶೆಯನ್ನು ಯಾವ ಕಂಪನಿಯೂ ಬರೆದುಕೊಡಲಿಲ್ಲ, ಬೀಗತನ ಬರೆದುಕೊಟ್ಟಿತು. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಮನೆಮನೆಯಲ್ಲಿ ಮಾರುವ ಕಂಪನಿಯೊಂದಕ್ಕೆ ಹೆಸರು ಹಚ್ಚಿದ ದಿನ ಬೆಳಗಾವಿಯಿಂದ ಬಂದಿದ್ದ ಮೇಡಮ್ಮು ಒಂದು ಹಾಳೆ ಕೊಟ್ಟು, ಗೊತ್ತಿದ್ದ ನೂರು ಜನರ ಹೆಸರು ಬರೆಯಲು ಹೇಳಿದರು. ಮೂವತ್ತನೆಯ ಹೆಸರಿಗೆ ಬರುವಷ್ಟರಲ್ಲಿ ಅದು ನನ್ನ ಮದುವೆಯ ಆಯೇರಿ ಪಟ್ಟಿಯ ನಕಲಿನಂತೆ ಕಾಣತೊಡಗಿತು. ಯಾರು ಖಣ ಕೊಟ್ಟಿದ್ದರು, ಯಾರು ಹನ್ನೊಂದು ರೂಪಾಯಿ ಬರೆಸಿ ಮಕ್ಕಳೊಂದಿಗೆ ಎರಡು ಪಂಕ್ತಿ ಉಂಡಿದ್ದರು, ಎಲ್ಲ ನೆನಪಾಯಿತು. ವ್ಯಾಪಾರದ ಮೊದಲ ಪಾಠವನ್ನು ನಾನು ಆಗಲೇ ಕಲಿತಿದ್ದೆ, ಆದರೆ ಕಲಿತದ್ದು ಗೊತ್ತಾಗಲು ಒಂದು ವರ್ಷ ಬೇಕಾಯಿತು.

ಮನೆಗೆ ಬಂದು ಅತ್ತೆಗೆ, "ನಾ ಈಗ ಕನ್ಸಲ್ಟಂಟ್ ಆಗೇನ್ರಿ" ಎಂದೆ. ಅವರು ಆ ಶಬ್ದವನ್ನು ದವಾಖಾನೆಯ ಬೋರ್ಡಿನ ಮೇಲೆ ಮಾತ್ರ ಕಂಡವರು.

"ಹಂಗಾರ ಫೀ ಎಷ್ಟ ತಗೋತಿ?" ಎಂದರು.

ಈ ಧಂದೆಯ ಜೀವ ಇರುವುದು ಡಬ್ಬಿಯಲ್ಲಿ ಅಲ್ಲ, ತಾರೀಖಿನಲ್ಲಿ. ಅಂಗಡಿ ಇಲ್ಲ, ಗಲ್ಲೆ ಇಲ್ಲ. ಒಬ್ಬ ಹೆಣ್ಣುಮಗಳು ತನ್ನ ಮನೆಯಲ್ಲಿ ಹತ್ತು ಹನ್ನೆರಡು ಜನ ನೆರೆಯವರನ್ನು ಕೂಡಿಸಬೇಕು, ಚಾ-ಸೂಸಲಾ ಕೊಡಬೇಕು. ನಾನು ಹೋಗಿ ಡಬ್ಬಿ ಬಿಚ್ಚಿ, ಮುಚ್ಚಿ, ತಲೆಕೆಳಗು ಮಾಡಿ ತೋರಿಸಬೇಕು. ಕೂಡಿಸಿದವಳಿಗೆ ಕಂಪನಿಯ ಉಡುಗೊರೆ. ಎದ್ದು ಬರುವಾಗ ಅದೇ ಕೋಣೆಯೊಳಗಿನ ಇನ್ನಿಬ್ಬರಿಂದ ಮುಂದಿನ ತಾರೀಖು ಕಿತ್ತುಕೊಂಡು ಬರಬೇಕು. ಒಂದು ಸಲ ಬರಿಗೈಲಿ ಎದ್ದರೆ ಬಾವಿಯ ಸೆಲೆ ಬತ್ತಿದ ಹಾಗೆ. ಡಬ್ಬಿಯನ್ನು ಯಾರು ಬೇಕಾದರೂ ಮಾರಬಹುದು. ತಾರೀಖು ಕೀಳುವುದು ಎಮ್ಮೆಯ ಹಲ್ಲು ಕಿತ್ತಂತೆ.

ಮೊದಮೊದಲು "ಯಾವಾಗ ಬರ್ಲಿ ವೈನಿ?" ಎಂದು ಕೇಳುತ್ತಿದ್ದೆ. "ಹೇಳ್ತೇನಿ ತಗೋ" ಎಂಬ ಉತ್ತರ ಬರುತ್ತಿತ್ತು. ನಾನು ಭೋಳೆತನದಿಂದ ಫೋನಿಗಾಗಿ ಕಾಯುತ್ತಿದ್ದೆ. 'ಹೇಳ್ತೇನಿ' ಎಂದರೆ ನಮ್ಮ ಕಡೆ 'ಇಲ್ಲ' ಎಂದು ಅರ್ಥ, ಮುಖ ಮುರಿಯಬಾರದೆಂದು ಅದಕ್ಕೊಂದು ಸೆರಗು ಹೊದಿಸಿರುತ್ತಾರೆ ಅಷ್ಟೆ. ಮೇಡಮ್ಮಿಗೆ ಹೇಳಿದಾಗ, "ಯಾವಾಗ ಅಂತ ಕೇಳಬ್ಯಾಡ್ರಿ, ಮಂಗಳವಾರೋ ಶುಕ್ರವಾರೋ ಅಂತ ಕೇಳ್ರಿ. ಎರಡರಾಗ ಒಂದು ಹೇಳೇ ಹೇಳ್ತಾರ" ಎಂದರು.

ಕೇಳಿದೆ. ಅಮಾವಾಸ್ಯೆ ಮುಂದಿದೆ ಎಂದಳು ಒಬ್ಬಳು. ಶುಕ್ರವಾರ ಸಂಜೆ ಮನೆಯ ಲಕ್ಷ್ಮಿ ಹೊರಗೆ ಹೋಗಬಾರದು, ದುಡ್ಡು ಬಿಚ್ಚುವುದಿಲ್ಲ ಎಂದಳು ಇನ್ನೊಬ್ಬಳು. ಗೋಕಾಕ ಫಾಲ್ಸಿನ ಕಡೆ 1885ರ ಗಿರಣಿಯ ಪಾಳಿಯ ಲೆಕ್ಕ ಇನ್ನೂ ರಕ್ತದಲ್ಲಿದೆ, ರಾತ್ರಿ ಪಾಳಿ ಮುಗಿಸಿದ ಗಂಡಸು ಒಳಗೆ ಮಲಗಿದ್ದರೆ ಹೊರಗಿನ ಪಡಸಾಲೆಯಲ್ಲಿ ಹನ್ನೆರಡು ಹೆಂಗಸರು ಪಿಸುಮಾತಿನಲ್ಲಿ ಡಬ್ಬಿ ಕೊಳ್ಳಬೇಕು. ಹನ್ನೆರಡು ಹೆಂಗಸರ ಪಿಸುಮಾತು ಎಂಬುದನ್ನು ನಾನಂತೂ ಇದುವರೆಗೆ ಕೇಳಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ನಳ. ನೀರು ಬರುವ ದಿನ ಊರಿನಲ್ಲಿ ಯಾವ ಹೆಣ್ಣುಮಗಳೂ ಯಾರ ಮನೆಗೂ ಹೋಗುವುದಿಲ್ಲ. ಟಾಕಿ, ಹಂಡೆ, ಕೊಡ, ಕೊನೆಗೆ ಚೊಂಬು ಕೂಡ ತುಂಬಿದ ಮೇಲೆಯೇ ಆಕೆ ಮನುಷ್ಯಳಾಗುವುದು. ಒಮ್ಮೆ ಎಂಟು ಜನರಿಗೆಂದು ಚಾ ಇಟ್ಟ ಮನೆಗೆ ಒಬ್ಬಳೂ ಬರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಿಟ್ಟಿದ್ದರು. ಅಂದಿನಿಂದ ನನ್ನ ಡೈರಿಯ ಮೊದಲ ಪುಟದಲ್ಲಿ ಗಿರಾಕಿಗಳ ಹೆಸರಿಲ್ಲ, ಯಾವ ಓಣಿಗೆ ಯಾವತ್ತು ನೀರು ಎಂಬ ಪಟ್ಟಿ ಇದೆ. ಅದನ್ನು ನೀರು ಬಿಡುವವನಿಂದಲೇ ಬರೆಸಿಕೊಂಡೆ, ಅವನ ಹೆಂಡತಿಗೆ ಒಂದು ಬುತ್ತಿ ಡಬ್ಬಿ ಕೊಟ್ಟು. ಲಂಚ ಎನ್ನುವವರು ಎನ್ನಲಿ.

ಊರು ಬೇರೆಯಾದಂತೆ ಪಂಚಾಂಗವೂ ಬೇರೆ. ಮೂಡಲಗಿಯ ಕಡೆ ಕಬ್ಬಿನ ಪಂಚಾಂಗ. ಕಡಿತ ನಡೆದಾಗ ಹೆಂಗಸರಿಗೆ ಪುರಸೊತ್ತಿಲ್ಲ. ಪುರಸೊತ್ತು ಆದಾಗ ದುಡ್ಡಿಲ್ಲ, "ಬಿಲ್ ಬರ್ಲಿ ಅಕ್ಕಾ" ಎನ್ನುತ್ತಾರೆ. ಕಬ್ಬು ಹಾಕಿದ 14 ದಿನದೊಳಗೆ ರೈತನಿಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಆದೇಶವನ್ನು ನನ್ನಷ್ಟು ಶ್ರದ್ಧೆಯಿಂದ ಓದಿದ ಡಬ್ಬಿ ಮಾರುವವಳು ರಾಜ್ಯದಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಮನೆಯಲ್ಲಿ ಕೂಡಿಸಿ ಮಾರುವ ಈ ಪದ್ಧತಿ ಅಮೆರಿಕದ್ದು ಎಂದು ಮೇಡಮ್ಮು ತರಬೇತಿಯಲ್ಲಿ ಹೇಳಿದ್ದರು. ಅರ್ಲ್ ಟಪ್ಪರ್ ಎಂಬಾತ ಟಪ್ಪರ್‌ವೇರ್ ಡಬ್ಬಿ ಮಾಡಿದ. ಅಂಗಡಿಯಲ್ಲಿಟ್ಟರೆ ಅದರ ಮುಚ್ಚಳ ಹಾಕುವ ಬಗೆಯೇ ಯಾರಿಗೂ ತಿಳಿಯಲಿಲ್ಲ. ಬ್ರೌನಿ ವೈಸ್ ಎಂಬ ಹೆಣ್ಣುಮಗಳು, ಗಂಡನಿಂದ ಬೇರೆಯಾಗಿ ಮಗನನ್ನು ಸಾಕುತ್ತಿದ್ದವಳು, ಮನೆಗಳಲ್ಲಿ ಹೆಂಗಸರನ್ನು ಕೂಡಿಸಿ ಅದನ್ನೇ ಮಾರಿ ತೋರಿಸಿದಳು. 1951ರಲ್ಲಿ ಕಂಪನಿ ಅಂಗಡಿಗಳಿಂದ ಮಾಲು ಹಿಂದಕ್ಕೆ ತೆಗೆದು ಎಲ್ಲವನ್ನೂ ಮನೆಕೂಟಕ್ಕೇ ಬಿಟ್ಟಿತು. 1954ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಬಂತು, ಆ ಜಾಗ ಪಡೆದ ಮೊದಲ ಹೆಂಗಸು ಆಕೆ. 1958ರಲ್ಲಿ ಕಂಪನಿ ಆಕೆಯನ್ನು ಹೊರಗೆ ಹಾಕಿತು. ಮನೆ ಕಟ್ಟಿದ ಸೊಸೆಯನ್ನು ಹೊಸ್ತಿಲಿನಾಚೆ ನಿಲ್ಲಿಸುವ ಕತೆ ನಮಗೇನೂ ಹೊಸದಲ್ಲ, ಇಂಗ್ಲಿಷಿನಲ್ಲಿ ಕೇಳಿದ್ದು ಹೊಸದು. ಆ ಡಬ್ಬಿ 1996ರಲ್ಲಿ ಭಾರತಕ್ಕೆ ಬಂತು. 2024ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ಅಮೆರಿಕದ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದ ಸುದ್ದಿ ಓದಿ ಹೇಳಿದಾಗ ಅತ್ತೆ ನಿಟ್ಟುಸಿರು ಬಿಟ್ಟರು. "ಅವ್ರಿಗೂ ಉದ್ರಿ ವಸೂಲ ಆಗಲಿಲ್ಲ ಕಾಣ್ತೈತಿ."

ಆದರೆ ನನಗೆ ಬ್ರೌನಿಬಾಯಿಗಿಂತ ನಮ್ಮ ಬಳೆಗಾರನ ಮೇಲೆ ಗೌರವ ಹೆಚ್ಚು. ಮೂಡಲಗಿಯಲ್ಲಿ ನಾನು ಸಣ್ಣವಳಿದ್ದಾಗ ಅವನು ಒಂದು ಮನೆಯ ಕಟ್ಟೆಯ ಮೇಲೆ ಮಲಾರ ಇಳಿಸುತ್ತಿದ್ದ. ಬಾಗಿಲು ಬಾಗಿಲಿಗೆ ಹೋಗುತ್ತಿರಲಿಲ್ಲ. ಆ ಮನೆಯ ಗೌಡಸಾನಿ ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆಯುತ್ತಿದ್ದಳು. ಎಲ್ಲರಿಗೂ ಇಡಿಸಿದ ಮೇಲೆ ಕರೆದವಳ ಕೈಗೆ ಎರಡು ಬಳೆ ಹೆಚ್ಚಿಗೆ, ದುಡ್ಡಿಲ್ಲದೆ. ಏಳುವ ಮೊದಲೇ, "ಮುಂದಿನ ಸಲ ಯಾರ ಕಟ್ಟಿ?" ಎಂದು ಕೇಳುತ್ತಿದ್ದ. ಕೈ ಅವನ ಕೈಯಲ್ಲೇ ಇರುವಾಗ, ಅರ್ಧ ಬಳೆ ಗಂಟಿನ ಮೇಲೆ ಸಿಕ್ಕಿರುವಾಗ ಕೇಳುತ್ತಿದ್ದ. ಆಗ 'ಹೇಳ್ತೇನಿ' ಎನ್ನುವ ಧೈರ್ಯ ಯಾರಿಗಿದೆ?

ಭಿಶಿಯೂ ನಮ್ಮದೇ. ಹನ್ನೆರಡು ಹೆಂಗಸರು ತಿಂಗಳಿಗೆ ಐದುನೂರರಂತೆ ಹಾಕಿ ಚೀಟಿ ಎತ್ತುತ್ತಾರೆ, ಒಂದು ತಿಂಗಳು ಒಬ್ಬಳ ಮನೆ. ಎಂದರೆ ವರ್ಷದ ಹನ್ನೆರಡು ಪಾರ್ಟಿಯ ತಾರೀಖು ಮೊದಲೇ ಗೊತ್ತು, ಚಾ-ಚೂಡಾ ಅವರದೇ. ಇದು ಹೊಳೆದ ಮೇಲೆ ನಾನು ಹೊಸ ಪಾರ್ಟಿ ಹುಡುಕುವುದು ಬಿಟ್ಟು ಹಳೆಯ ಭಿಶಿ ಹುಡುಕತೊಡಗಿದೆ. ಒಂದೇ ಎಚ್ಚರ, ಡಬ್ಬಿಯನ್ನು ಚೀಟಿ ಎತ್ತುವ ಮೊದಲು ತೋರಿಸಬೇಕು. ಆಗ ಹನ್ನೆರಡೂ ಜನರಿಗೆ ಆರು ಸಾವಿರ ತಮಗೇ ಬರುವುದೆಂಬ ನಂಬಿಕೆ ಇರುತ್ತದೆ. ಎತ್ತಿದ ಮೇಲೆ ಹನ್ನೊಂದು ಮುಖ ಬಾಡಿರುತ್ತವೆ, ಹನ್ನೆರಡನೆಯವಳು ಬಂಗಾರದ ಅಂಗಡಿಯ ವಿಚಾರದಲ್ಲಿರುತ್ತಾಳೆ.

ತವರಿನ ಮೊದಮೊದಲ ಪಾರ್ಟಿಗಳ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದದ್ದು ನನ್ನ ವ್ಯಾಪಾರಕ್ಕೆ ಒಲಿದ ದೇವರು, ಸೊನ್ನೆ ರೂಪಾಯಿ ಟಿಕೆಟಿನಲ್ಲಿ ಕಲ್ಲೋಳಿ, ನಾಗನೂರು ದಾಟಿ ಮೂಡಲಗಿ ಸೇರುತ್ತಿದ್ದೆ. ಆದರೆ ಆ ದೇವರ ದರ್ಶನಕ್ಕೆ ಗದ್ದಲ ಬಹಳ. ತಾಜಾತನ ತೋರಿಸಲೆಂದು ಡಬ್ಬಿಯಲ್ಲಿಟ್ಟ ಟೊಮ್ಯಾಟೊ, ಮುಚ್ಚಳ ಹಾಕದ ನನ್ನ ತಪ್ಪಿನಿಂದ, ಯಾರದೋ ಮೊಣಕೈಗೆ ಸಿಕ್ಕು ಸಾರಾಗಿತ್ತು. ಅದಕ್ಕೇ ಎರಡನೆಯ ಸಲ ಗೋಕಾಕದ ಕಟ್ಟಿಗೆಯ ಹಣ್ಣು ಒಯ್ದೆ. ನಮ್ಮೂರಿನ ಬಣ್ಣದ ಕಟ್ಟಿಗೆ ಹಣ್ಣು-ಕಾಯಿಪಲ್ಯೆ ನೋಡಿದವರಿಗೆ ಗೊತ್ತು, ಮುಟ್ಟಿದ ಹೊರತು ಖರೆ-ಸುಳ್ಳು ತಿಳಿಯುವುದಿಲ್ಲ. ಡಬ್ಬಿಯೊಳಗೆ ಅಂದವಾಗಿ ಜೋಡಿಸಿದೆ. ಬಾಯಿಪಾಠದ ಭರದಲ್ಲಿ, "ನೋಡ್ರಿ, ಹದಿನೈದು ದಿನ ಇಟ್ಟರೂ ಹಣ್ಣು ಹಿಂಗ ಇರ್ತಾವ" ಎಂದುಬಿಟ್ಟೆ.

ಮುಂದೆ ಕುಳಿತ ಮುದುಕಿಯೊಬ್ಬಳು ಮಾವಿನಹಣ್ಣು ಎತ್ತಿ ಬೆರಳಿನಿಂದ ಟಕಟಕ ಬಡಿದಳು.

"ನನ್ನ ಮದವ್ಯಾಗ ಕೊಟ್ಟದ್ದು ಮನ್ಯಾಗ ಇನ್ನೂ ಐತಿ ತಂಗಿ. ಅದಕ್ಕ ಡಬ್ಬೀನೂ ಬೇಕಾಗಿಲ್ಲ."

ಪಡಸಾಲೆ ನಗೆಯಿಂದ ಹಾರಿಹೋಯಿತು. ನನಗೆ ನೆಲ ಬಾಯಿ ಬಿಡಲಿ ಅನ್ನಿಸಿತು. ಅಂದು ಮಾರಿದ್ದು ಎರಡೇ ಡಬ್ಬಿ. ಆದರೆ ಮರುವಾರ ಮೂರು ಫೋನು ಬಂದವು: "ಕಟ್ಟಿಗಿ ಹಣ್ಣಿನ ಅಕ್ಕಾರೇನ್ರಿ? ನಮ್ಮನ್ಯಾಗೂ ಒಂದ್ ಸಲ ಬರ್ರೆಲಾ." ಡಬ್ಬಿ ನೋಡಲು ಯಾರೂ ತಾರೀಖು ಕೊಡುವುದಿಲ್ಲ, ನಗಲು ಕೊಡುತ್ತಾರೆ. ಈಗಲೂ ಆ ಮಾವಿನಹಣ್ಣು ನನ್ನ ಚೀಲದಲ್ಲಿದೆ, ಅದೇ ತಪ್ಪನ್ನು ಬೇಕೆಂದೇ ಮಾಡುತ್ತೇನೆ.

ಹುಕ್ಕೇರಿಯವರದು ಬೇರೆಯೇ ಗುಣ. ಹೂವಿನ ಕೇರಿಯಾಗಿ ಬಿಜಾಪುರದ ಸುಲ್ತಾನರಿಗೆ ಗುಲಾಬಿ ಕಳಿಸುತ್ತಿದ್ದ ಊರು ಎನ್ನುತ್ತಾರೆ. ನನಗೆ ಸಿಕ್ಕದ್ದು ಲೆಕ್ಕದ ಊರು. ಅಲ್ಲಿ ಮನೆಗೆ ಕರೆಂಟೇ ಸಹಕಾರಿ ಸಂಘದಿಂದ ಬರುತ್ತದೆ. 1969ರ ಆ ಗ್ರಾಮೀಣ ವಿದ್ಯುತ್ ಸಹಕಾರ ಸಂಘಕ್ಕೆ ಊರವರೇ ಸದಸ್ಯರು. ಹಾಗಾಗಿ ನಾನು ಡಬ್ಬಿಯ ಗುಣಗಾನ ಮುಗಿಸಿದಾಗ ನಾದಿನಿಯ ನೆರೆಯವಳು ಶಾಂತವಾಗಿ ಕೇಳಿದಳು: "ಶೇರ್ ಎಷ್ಟರದು? ವರ್ಷಕ್ಕ ಲಾಭ ಹಂಚ್ತಾರೇನು?" ಇಲ್ಲ ಎಂದೆ. ನಾಲ್ಕು ಜನರನ್ನು ಕೈಕೆಳಗೆ ಸೇರಿಸಿದರೆ ಕೂತಲ್ಲೇ ರೊಕ್ಕ ಎಂದು ಬೇರೊಬ್ಬರು ಆಕೆಗೆ ಆಸೆ ತೋರಿಸಿ ಹೋಗಿದ್ದರಂತೆ. ಬರೀ ಜನ ಸೇರಿಸಿ ರೊಕ್ಕ ತಿರುಗಿಸುವುದಕ್ಕೆ 1978ರಲ್ಲೇ ಬಂದಿ ಬಿದ್ದಿದೆ, 2021ರ ನೇರ ಮಾರಾಟ ನಿಯಮವೂ ಅದನ್ನೇ ಹೇಳುತ್ತದೆ ಎಂದು ತಿಳಿಸಿದೆ. ಅದೇ ನಿಯಮದ ಪ್ರಕಾರ ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಗಿರಾಕಿಯ ಮನೆಗೆ ಹೋಗುವಂತಿಲ್ಲ. ನಾನು ಕೊರಳಲ್ಲಿ ಚೀಟಿ ಹಾಕಿಕೊಂಡು ನಾದಿನಿಯ ಬಾಗಿಲಲ್ಲಿ ನಿಂತಾಗ ಆಕೆ, "ಯಾಕ ವೈನಿ, ಜನಗಣತಿಗೆ ಬಂದೀರೇನು?" ಎಂದಿದ್ದಳು.

ಅಂದು ಹುಕ್ಕೇರಿಯಲ್ಲಿ ಒಂದು ತಾರೀಖೂ ಸಿಗಲಿಲ್ಲ. ಆದರೆ ಗೋಕಾಕದಿಂದ ಹೊರಟವರು ಕರದಂಟು ಇಲ್ಲದೆ ಬೀಗರ ಮನೆಗೆ ಹೋಗುವುದುಂಟೆ? ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಎಲ್ಲ ಕೂಡಿದ ಆ ಗಟ್ಟಿ ಸಿಹಿಯನ್ನು ಪ್ರದರ್ಶನದ ಡಬ್ಬಿಯಲ್ಲೇ ಹಾಕಿ ಒಯ್ದಿದ್ದೆ. ಬಸ್ಸಿನ ಅವಸರದಲ್ಲಿ ಡಬ್ಬಿ ಅಲ್ಲೇ ಉಳಿಯಿತು. ನಾದಿನಿ ಅದನ್ನು ಹಾಗೆಯೇ ಆ ಲೆಕ್ಕದ ನೆರೆಯವಳಿಗೆ ದಾಟಿಸಿದಳು, ಅವಳು ಅರ್ಧ ಇಟ್ಟುಕೊಂಡು ಮತ್ತೊಬ್ಬಳಿಗೆ. ಹದಿನೈದು ದಿನದ ಮೇಲೆ ಫೋನು: "ನಿಮ್ ಡಬ್ಬಿ ನನ್ ಕಡೆ ಐತ್ರಿ. ಖಾಲಿ ಹೆಂಗ ಕೊಡೂದು? ಸಂಕೇಶ್ವರದ ಮೆಣಸಿನಕಾಯಿ ಕುಟ್ಟಿಸೇನಿ, ಖಾರಪುಡಿ ತುಂಬಿ ಇಟ್ಟೇನಿ. ಬಂದು ಒಯ್ರಿ. ಬರೂದು ಬರ್ತೀರಿ, ಬ್ಯಾರೆ ಡಬ್ಬೀನೂ ತಗೊಂಡ ಬರ್ರಿ, ನಾಕ ಮಂದಿ ಕರೀತೇನಿ."

ಫೋನಿಟ್ಟು ಬಹಳ ಹೊತ್ತು ಕುಳಿತೆ. ನೂರು ಹೆಸರಿನ ಹಾಳೆ, ಮಂಗಳವಾರೋ ಶುಕ್ರವಾರೋ, ಉಡುಗೊರೆಯ ಆಸೆ ಯಾವುದೂ ಮಾಡದ್ದನ್ನು ಮರೆತು ಬಂದ ಒಂದು ಡಬ್ಬಿ ಮಾಡಿತ್ತು. ನಮ್ಮಲ್ಲಿ ಪರರ ಭಾಂಡೆಯನ್ನು ಖಾಲಿ ತಿರುಗಿಸುವ ಹೆಣ್ಣುಮಗಳು ಇನ್ನೂ ಹುಟ್ಟಿಲ್ಲ. ತುಂಬಿ ಬಂದದ್ದು ತುಂಬಿಯೇ ಹೋಗಬೇಕು. ಆಯೇರಿ ಪಟ್ಟಿಯೂ ಅದೇ, ಉಡಿಯೂ ಅದೇ.

ಅಲ್ಲಿಂದ ನಾನು ಮರೆಯತೊಡಗಿದೆ. ನಾಗರಪಂಚಮಿಗೆ ಮೂಡಲಗಿಯಲ್ಲಿ ಶೇಂಗಾ ಉಂಡಿಯ ಡಬ್ಬಿ ಮರೆತೆ, ಸಂಕ್ರಾಂತಿಗೆ ಕುಸುರೆಳ್ಳಿನದು. ಮರಾಠಿ ಗೆಳತಿಯೊಬ್ಬಳ ಮನೆಯಲ್ಲಿ ಮರೆತ ಡಬ್ಬಿಯಿಂದ ರಥಸಪ್ತಮಿಯವರೆಗಿನ ಹಳದಿ-ಕುಂಕುಮಕ್ಕೆ ಹಂಚಲು ಐವತ್ತು ಸಣ್ಣ ಡಬ್ಬಿಯ ಬೇಡಿಕೆ ಬಂತು. ಡೈರಿ ತುಂಬಿತು, ನಮ್ಮ ಅಡುಗೆಮನೆಯೂ ತುಂಬಿತು. ಚಕ್ಕುಲಿ, ಗುರೆಳ್ಳು ಹಿಂಡಿ, ಮಾವಿನ ಉಪ್ಪಿನಕಾಯಿ ಎಲ್ಲ ಡಬ್ಬಿಯೊಂದಿಗೇ ಬಂದವು. ಮೂರು ತಿಂಗಳು ನಾವು ಹಿಂಡಿ ಕೊಳ್ಳಲಿಲ್ಲ, ಅರೆಯಲಿಲ್ಲ.

ಅತ್ತೆ ಮಾತ್ರ ಒಂದು ದಿನ ಉಂಡಿ ಕಟ್ಟುತ್ತ, "ಇದರಾಗ ಎಷ್ಟು ಪ್ರೀತೀದು, ಎಷ್ಟು ಕಂಪನೀದು?" ಎಂದರು. ನಾನು ಉತ್ತರ ಕೊಡಲಿಲ್ಲ. ಮೂಡಲಗಿಯ ಮಾವಶಿ ನನ್ನನ್ನು ದೂರದಿಂದ ಕಂಡು ಒಳಗೆ ಹೋಗಿ, ಮೊಮ್ಮಗಳ ಕೈಯಲ್ಲಿ "ಆಯಿ ಮನ್ಯಾಗ ಇಲ್ಲಂತ" ಎಂದು ಹೇಳಿಸಿದ್ದು ಅದೇ ವಾರ.

ಈಗ ಹೇಳಬಾರದ್ದೊಂದು ಹೇಳುತ್ತೇನೆ. ನಮ್ಮ ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಹೋದ ವಾರ ನಗುನಗುತ್ತ ಮಾದಲಿ ಕೊಟ್ಟುಹೋದಳು, ಸ್ಟೀಲಿನ ಡಬ್ಬಿಯಲ್ಲಿ. ರುಚಿಯಾಗಿತ್ತು. ಉಂಡು, ತೊಳೆದು, ಒರೆಸುವಾಗ ತಳಕ್ಕೆ ಅಂಟಿಸಿದ ಚೀಟಿ ಕಂಡಿತು. ಮುಖಕ್ಕೆ ಹಚ್ಚುವ ಕ್ರೀಮಿನ ಕಂಪನಿಯದು, ಕೆಳಗೆ ಅವಳ ಮೊಬೈಲ್ ನಂಬರು. ಡಬ್ಬಿ ಎಂಟು ದಿನದಿಂದ ನಮ್ಮ ಮಾಡದಲ್ಲಿ ಕುಳಿತಿದೆ. ಖಾಲಿ ಕೊಡುವಂತಿಲ್ಲ. ತುಂಬಿ ಕೊಡಲು ಹೋದರೆ ಕೆಲಸ ಕೆಟ್ಟಿತು. ಕಿರಾಣಿ ಅಂಗಡಿಗೆ ನಾನೀಗ ಹಿಂದಿನ ಸಂದಿಯಿಂದ ಹೋಗುತ್ತೇನೆ.

ನಿನ್ನೆ ಸಂಜೆ ಆ ಸಂದಿಯಲ್ಲೇ ಎದುರಾದಳು.

"ಅಕ್ಕಾರ, ನಿಮ್ಮನ್ಯಾಗ ನಾಕ ಮಂದಿ ಕೂಡಸ್ರೆಲಾ. ಮಂಗಳವಾರೋ, ಬುಧವಾರೋ?"

"ನೀರು ಯಾವತ್ತ ಬರ್ತೈತಿ ನೋಡಿ," ಎಂದೆ, "ಹೇಳ್ತೇನಿ ತಗೋ."