ಹೆಸರುಗಳ ಸಾಹುಕಾರ

ಕಳೆದ ಎರಡು ದಶಕಗಳಲ್ಲಿ ಬೆಂಗಳೂರು ಬೆಳೆಸಿದ ನಾನಾ ಬಗೆಯ ಉದ್ಯಮಿಗಳ ನಡುವೆ, ಅಂಗಡಿಯಿಲ್ಲದೆ, ಗೋದಾಮಿಲ್ಲದೆ, ಕೈಗೆ ಸಿಗುವ ಒಂದೇ ಒಂದು ಸರಕೂ ಇಲ್ಲದೆ ತನ್ನನ್ನು ವ್ಯಾಪಾರಿಯೆಂದು ಪರಿಚಯಿಸಿಕೊಳ್ಳುವ ಡೊಮೇನ್ ಸಂಗ್ರಾಹಕನು ಪ್ರತ್ಯೇಕ ಅಧ್ಯಯನಕ್ಕೆ ಅರ್ಹನಾಗಿದ್ದಾನೆ. ಡೊಮೇನ್ ಎಂದರೆ ಅಂತರಜಾಲದ ತಾಣವೊಂದನ್ನು ತಲುಪಲು ಬೆರಳಚ್ಚಿಸುವ ಹೆಸರು. ಯಂತ್ರಗಳು ಒಂದನ್ನೊಂದು ಗುರುತಿಸಲು ಬಳಸುವ ಅಂಕಿಗಳ ಸಾಲನ್ನು ಮನುಷ್ಯರು ನೆನಪಿಟ್ಟುಕೊಳ್ಳಲಾರರೆಂಬ ಕಾರಣಕ್ಕೆ ಪಾಲ್ ಮೊಕಪೆಟ್ರಿಸ್ 1983ರಲ್ಲಿ ಈ ಹೆಸರಿನ ವ್ಯವಸ್ಥೆಯನ್ನು ರೂಪಿಸಿದನು. ಮರೆವಿಗೆ ಮದ್ದಾಗಿ ಹುಟ್ಟಿದ ಈ ವ್ಯವಸ್ಥೆಯಲ್ಲಿ, ಹಳೆಯ ಮಾಲೀಕರು ನವೀಕರಣದ ಶುಲ್ಕ ಕಟ್ಟಲು ಮರೆಯುವುದನ್ನೇ ಹಗಲಿರುಳು ಕಾಯುವ ಒಂದು ವರ್ಗ ಹುಟ್ಟಿಕೊಳ್ಳುವುದೆಂದು ಆತನು ಊಹಿಸಿರಲಾರನು.

ಈ ವರ್ಗಕ್ಕೆ ತನ್ನದೇ ಆದ ಪುರಾಣವಿದೆ. ಮೊದಲ ಡಾಟ್ ಕಾಮ್ ಹೆಸರು 1985ರ ಮಾರ್ಚ್ 15ರಂದು ನೋಂದಣಿಯಾಯಿತೆಂಬುದೂ, 1995ರವರೆಗೆ ಹೆಸರುಗಳು ಪುಕ್ಕಟೆಯಾಗಿ ಸಿಗುತ್ತಿದ್ದವೆಂಬುದೂ, ಬಿಸಿನೆಸ್ ಡಾಟ್ ಕಾಮ್ 1999ರಲ್ಲಿ 75 ಲಕ್ಷ ಡಾಲರಿಗೂ ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೂ ಮಾರಾಟವಾದವೆಂಬುದೂ ಸಂಗ್ರಾಹಕನಿಗೆ ಕಂಠಪಾಠವಾಗಿರುತ್ತದೆ. 1995ಕ್ಕಿಂತ ಮೊದಲು ತಾನು ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತ ಕಾಲಹರಣ ಮಾಡಿದೆನೆಂಬ ಕೊರಗು ಅವನನ್ನು ಮದುವೆಮನೆಯ ಊಟದ ಪಂಕ್ತಿಯಲ್ಲಿಯೂ ಬಿಡುವುದಿಲ್ಲ.

ಅವನ ಸಂಗ್ರಹವನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ ಲೋಕದ ಇತಿಹಾಸವೇ ತೆರೆದುಕೊಳ್ಳುತ್ತದೆ. 2020ರಲ್ಲಿ ಜನರು ಬೇಳೆ, ಅಕ್ಕಿ, ಸ್ಯಾನಿಟೈಸರ್ ಕೂಡಿಡುತ್ತಿದ್ದಾಗ ಅವನು ಕೊರೊನಾ ಎಂಬ ಪದವನ್ನು ಎಲ್ಲ ಬಾಲಗಳೊಡನೆ, ಅಂದರೆ ಹೆಸರಿನ ಕೊನೆಗೆ ಅಂಟುವ ಡಾಟ್ ಕಾಮ್ ಮುಂತಾದ ತುಣುಕುಗಳೊಡನೆ, ಕೂಡಿಟ್ಟನು. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಸಂಸ್ಥೆ ಮೆಟಾ ಎಂದು ಹೆಸರು ಬದಲಿಸಿಕೊಂಡ ರಾತ್ರಿ ಮೆಟಾ ಇಡ್ಲಿ, ಮೆಟಾ ಮ್ಯಾಟ್ರಿಮೊನಿ, ಮೆಟಾ ಮಲೆನಾಡು ಇತ್ಯಾದಿಗಳು ಅವನ ಪಾಲಾದವು. ಈಗಿನದು ಕೃತಕ ಬುದ್ಧಿಮತ್ತೆಯ ಪರ್ವವಾದ್ದರಿಂದ ಡಾಟ್ ಎಐ ಎಂಬ ಬಾಲಕ್ಕೆ ಮನ್ನಣೆ. ವಾಸ್ತವವಾಗಿ ಇದು ಕೆರಿಬಿಯನ್ ಸಮುದ್ರದ ಆಂಗ್ವಿಲ್ಲಾ ಎಂಬ ಪುಟ್ಟ ದ್ವೀಪಕ್ಕೆ ದೇಶಸೂಚಕವಾಗಿ ದೊರೆತ ಎರಡಕ್ಷರವಾಗಿದ್ದು, ಅದೃಷ್ಟವಶಾತ್ ಕೃತಕ ಬುದ್ಧಿಮತ್ತೆಯ ಇಂಗ್ಲಿಷ್ ಹ್ರಸ್ವರೂಪದೊಂದಿಗೆ ಹೊಂದಿಕೊಂಡು, 2023ರಲ್ಲಿ ಆ ದ್ವೀಪದ ಬೊಕ್ಕಸಕ್ಕೆ ಸುಮಾರು 3.2 ಕೋಟಿ ಡಾಲರ್ ತಂದುಕೊಟ್ಟಿತು. ತನ್ನ ವಾರ್ಡಿನ ಆಸ್ತಿ ತೆರಿಗೆಯನ್ನು ಮೂರು ನೋಟಿಸು ಬಂದ ಮೇಲೆ ಕಟ್ಟುವ ಸಂಗ್ರಾಹಕನು, ಭೂಪಟದಲ್ಲಿ ಎಲ್ಲಿದೆಯೆಂದು ತೋರಿಸಲಾಗದ ಆ ದ್ವೀಪಕ್ಕೆ ಮಾತ್ರ ಒಂದು ದಿನವೂ ತಡಮಾಡದೆ ಶುಲ್ಕ ಸಲ್ಲಿಸುತ್ತಾನೆ.

ಅವನು ಹೆಸರುಗಳನ್ನು ಬಡಾವಣೆಯ ಸೈಟುಗಳಂತೆ ಕಾಣುತ್ತಾನೆ: ಕೊಂಡು, ಕಲ್ಲು ನೆಟ್ಟು, ಊರು ತನ್ನತ್ತ ಬೆಳೆದು ಬರುವವರೆಗೆ ಕಾಯುವುದು. ಆದರೆ ಸೈಟಿಗೆ ಕ್ರಯಪತ್ರವಿದೆ. ಡೊಮೇನಿಗೆ ಇರುವುದು ಅವಧಿ ಮಾತ್ರ, ಅದೂ ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಶುಲ್ಕ ಕಟ್ಟದೆ ಉಳಿದ ಡಾಟ್ ಕಾಮ್ ಹೆಸರು ಮೊದಲು ರಿಜಿಸ್ಟ್ರಾರ್, ಅಂದರೆ ನೋಂದಣಿ ಮಾಡಿಕೊಡುವ ಕಂಪನಿ, ಕೊಡುವ ಕೆಲವು ವಾರಗಳ ವಿನಾಯಿತಿಯನ್ನೂ, ಬಳಿಕ ದಂಡ ತೆತ್ತು ಬಿಡಿಸಿಕೊಳ್ಳಬಹುದಾದ 30 ದಿನಗಳನ್ನೂ, ಕೊನೆಗೆ ಯಾರೂ ಮುಟ್ಟಲಾಗದ 5 ದಿನಗಳನ್ನೂ ದಾಟಿ ಮಾರುಕಟ್ಟೆಗೆ ಮರಳಿ ಬೀಳುತ್ತದೆ. ಇದಕ್ಕೆ ಡ್ರಾಪ್ ಎನ್ನುತ್ತಾರೆ. ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನಕ್ಕೆ ನಿಗದಿಯಾಗಿರುವ ಈ ಬೀಳುವಿಕೆ ಭಾರತದಲ್ಲಿ ನಡುರಾತ್ರಿಯ ಹೊತ್ತಿಗೆ ಸಂಭವಿಸುವುದರಿಂದ, ಸಂಗ್ರಾಹಕನ ಕಣ್ಣುಗಳ ಕೆಳಗಿನ ಕಪ್ಪನ್ನು ಕುಟುಂಬದವರು ಅನ್ಯಥಾ ಅರ್ಥೈಸುವ ಸಂಭವವೂ ಉಂಟು.

ಮಾರಾಟದ ವಿಧಾನವಂತೂ ಮನೋವಿಜ್ಞಾನಿಗಳಿಗೆ ಬಿಟ್ಟ ವಿಷಯ. ಯಾರೋ ಒಬ್ಬರು ಇಮೇಲಿನಲ್ಲಿ ಬೆಲೆ ಕೇಳಿದರೆ, ಅದು ವೇಷ ಮರೆಸಿಕೊಂಡ ಬಹುರಾಷ್ಟ್ರೀಯ ಕಂಪನಿಯೇ ಎಂದು ಸಂಗ್ರಾಹಕನು ನಿರ್ಧರಿಸಿ, ಎರಡು ದಿನ ಉತ್ತರಿಸದೆ ಗಾಂಭೀರ್ಯ ಕಾಯ್ದುಕೊಂಡು, ಮೂರನೆಯ ದಿನ 50,000 ಡಾಲರ್ ಎಂದು ಬರೆಯುತ್ತಾನೆ. ಕೇಳಿದವನು ದಾವಣಗೆರೆಯಲ್ಲಿ ಕಾಲೇಜು ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಯಾಗಿರುವುದರಿಂದ ಪತ್ರವ್ಯವಹಾರ ಅಲ್ಲಿಗೆ ಮುಗಿಯುತ್ತದೆ. ಈ ನಡುವೆ ಹೆಸರುಗಳನ್ನು ಪಾರ್ಕಿಂಗಿಗೆ, ಎಂದರೆ ಖಾಲಿ ಪುಟದಲ್ಲಿ ಜಾಹೀರಾತು ಹಚ್ಚಿ ನಿಲ್ಲಿಸುವ ಏರ್ಪಾಟಿಗೆ, ಒಪ್ಪಿಸಿರುತ್ತಾನೆ. ಅದರ ತಿಂಗಳ ವರಮಾನದಲ್ಲಿ ಒಂದು ಮಸಾಲೆ ದೋಸೆ ಖಂಡಿತ ಬರುತ್ತದೆ, ಕಾಫಿಯನ್ನು ಖಚಿತವಾಗಿ ಹೇಳಲಾಗದು.

ಕಾನೂನಿನ ಮಾತು ಬಂದಾಗ ಅವನು ತಟ್ಟನೆ ಎಚ್ಚರಗೊಳ್ಳುತ್ತಾನೆ. ಪರರ ಪ್ರಸಿದ್ಧ ಹೆಸರನ್ನು ಮುಂಚಿತವಾಗಿ ಹಿಡಿದಿಟ್ಟುಕೊಂಡು ಹಣ ಕೇಳುವುದು ಸೈಬರ್ ಸ್ಕ್ವಾಟಿಂಗ್ ಎನಿಸಿಕೊಳ್ಳುತ್ತದೆ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ಕಂಪನಿಗಳ ನಡುವಿನ ಡೊಮೇನ್ ವ್ಯಾಜ್ಯವು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿಯೇ ಮೊದಲಾಗಿ, ಕರ್ನಾಟಕ ಹೈಕೋರ್ಟನ್ನು ಹಾದು, 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥಗೊಂಡು, ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆ ರಕ್ಷಣೆ ಸಲ್ಲುತ್ತದೆಂಬ ನಿಯಮವನ್ನು ಸ್ಥಾಪಿಸಿತು. ಸಂಗ್ರಾಹಕನು ಇದನ್ನು ಬಲ್ಲವನಾದ್ದರಿಂದ, ಯಾರೂ ಕೇಳದಿದ್ದರೂ, "ನಾವು ಸ್ಕ್ವಾಟರ್ ಅಲ್ಲ ಸಾರ್, ಇನ್ವೆಸ್ಟರ್" ಎಂದು ಸ್ಪಷ್ಟಪಡಿಸುತ್ತಾನೆ. ಬಹುಮಟ್ಟಿಗೆ ಅದು ನಿಜವೂ ಹೌದು. ಸಾಮಾನ್ಯ ಪದಗಳನ್ನು ನ್ಯಾಯವಾಗಿ ಕೊಂಡು ಮಾರುವುದರಲ್ಲಿ ತಪ್ಪಿಲ್ಲ, ಕೊಳ್ಳುವವರಿಲ್ಲ ಎಂಬುದಷ್ಟೇ ಕೊರತೆ.

ಅಂತರಜಾಲವೂ ಅವನ ಕಾಲ ಕೆಳಗೆ ಸರಿಯುತ್ತಿದೆ. ಒಂದು ಕಾಲಕ್ಕೆ ಜನರು ಬೇಕಾದ ಪದದ ಹಿಂದೆ ಡಾಟ್ ಕಾಮ್ ಹಚ್ಚಿ ನೇರವಾಗಿ ಬೆರಳಚ್ಚಿಸುತ್ತಿದ್ದರು. ಆಮೇಲೆ ಗೂಗಲ್‌ನಲ್ಲಿ ಹುಡುಕಿದರು, ಆ್ಯಪ್ ಇಳಿಸಿಕೊಂಡರು, ಈಗ ಚಾಟ್‌ಬಾಟನ್ನು ಕೇಳುತ್ತಾರೆ. ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆ 2012ರಲ್ಲಿ ಹೊಸ ಬಾಲಗಳಿಗೆ ಅರ್ಜಿ ಕರೆದಾಗ 1,930 ಅರ್ಜಿಗಳು ಬಂದು, ಡಾಟ್ ಶಾಪ್, ಡಾಟ್ ಆನ್‌ಲೈನ್ ಎಂದು ಸಾವಿರಕ್ಕೂ ಮೀರಿ ಬಾಲಗಳು ಹೊರಟವು. ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ಬಂದಾಗ ಸಂಗ್ರಾಹಕನು ಭಾಷಾಭಿಮಾನದಿಂದ ಹತ್ತಾರು ಹೆಸರು ಕೊಂಡನು. ಅವುಗಳ ಬೆಲೆಯನ್ನು ಈವರೆಗೆ ವಿದ್ಯಾರ್ಥಿಗಳೂ ಕೇಳಿಲ್ಲ. ಇನ್ನು ಸಾಕೆಂದು ಕೈಬಿಡುವಷ್ಟರಲ್ಲಿ, ಚಾಟ್ ಡಾಟ್ ಕಾಮ್ 2023ರಲ್ಲಿ 1.55 ಕೋಟಿ ಡಾಲರಿಗೆ ಮಾರಾಟವಾಗಿ ಮರುವರ್ಷ ಓಪನ್‌ಎಐ ಸಂಸ್ಥೆಯ ಕೈಸೇರಿದ ಸುದ್ದಿ ತಲುಪಿ, ಅವನು ಇನ್ನೂ 40 ಹೆಸರು ನೋಂದಾಯಿಸುತ್ತಾನೆ.

ಡಾಟ್ ಕಾಮ್ ದಾಖಲೆಯನ್ನು ನಿರ್ವಹಿಸುವ ವೆರಿಸೈನ್ ಕಂಪನಿ 2024ರ ಸೆಪ್ಟೆಂಬರಿನಿಂದ ಪ್ರತಿ ಹೆಸರಿಗೆ ವರ್ಷಕ್ಕೆ 10.26 ಡಾಲರ್ ಸಗಟು ದರ ವಿಧಿಸತೊಡಗಿತು. ಆ ದರದಲ್ಲಿ, ರಿಜಿಸ್ಟ್ರಾರ್ ಪಾಲನ್ನು ಬದಿಗಿಟ್ಟರೂ, 400 ಹೆಸರು ಸಾಕುವವನು ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ರೂಪಾಯಿ ತೆರಬೇಕು. ಬ್ಯಾಂಕಿನಿಂದ ನಿವೃತ್ತರಾದ ತಂದೆ ಈ ಲೆಕ್ಕವನ್ನು ಪಾಸ್‌ಬುಕ್ಕಿನಂತೆ ಓದಿ, "ಬರೀ ಹೆಸರಿಗೆ ಬಾಡಿಗೆ ಕಟ್ಟೋನು ಈ ಬೀದೀಲಿ ನೀನೊಬ್ನೇ ಕಣೋ" ಎಂದು ಹೇಳುವುದರಲ್ಲಿ ಇಡೀ ಉದ್ಯಮದ ಅರ್ಥಶಾಸ್ತ್ರ ಅಡಗಿದೆ.

ಹೀಗಿದ್ದರೂ ಈ ವರ್ಗವನ್ನು ನಿರುಪದ್ರವಿಯೆಂದು ಭಾವಿಸುವಂತಿಲ್ಲ. ಹೊಸ ಅಂಗಡಿ, ಹೋಟೆಲ್, ಉಪ್ಪಿನಕಾಯಿ ಕಾರ್ಖಾನೆ ತೆರೆಯಲಿರುವ ಓದುಗರು ಬೋರ್ಡು ಬರೆಸುವುದಕ್ಕೆ ಮುಂಚೆ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದಕ್ಕೆ ಮುಂಚೆ, ಮುಖ್ಯವಾಗಿ ಸಂಗ್ರಾಹಕನಾದ ಬಂಧುವಿನ ಎದುರಿಗೆ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಕ್ಕೆ ಮುಂಚೆ, ಡೊಮೇನನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು.