ಪುನುಗಿನ ಪ್ರಸಾದ

(ಡೊಂಬಿವಲಿ ಸ್ಟೇಷನ್ ಬಳಿಯ ಉಡುಪಿ ಹೋಟೆಲು. ಗಲ್ಲೆಯಲ್ಲಿ ಶೆಟ್ಟರು, ಎದುರಿಗೆ ರಾಯರು.)

ರಾಯರು: ಶೆಟ್ರೇ, ಮಗ ಕೊಡಗಿನಿಂದ ಪುನುಗು ಬೆಕ್ಕಿನ ಕಾಫಿಪುಡಿ ತಂದಿದ್ದಾನೆ. 2017ರಲ್ಲೇ ಕಿಲೋಗೆ 8,000 ರೂಪಾಯಿ ಇತ್ತಂತೆ!

ಶೆಟ್ಟರು: ಬೆಕ್ಕು ಬೀಜ ಹುರಿಯುತ್ತದಾ?

ರಾಯರು: ಅಲ್ಲ ಮಾರಾಯ್ರೆ, ಹಣ್ಣು ತಿನ್ನುತ್ತದೆ. ತಿರುಳು ಜೀರ್ಣ, ಬೀಜ ಹಿಕ್ಕೆಯಲ್ಲಿ ಹೊರಗೆ. ತೊಳೆದು, ಒಣಗಿಸಿ ಹುರಿಯುತ್ತಾರೆ. ಇಂಡೊನೇಷ್ಯಾದ ಕೋಪಿ ಲುವಾಕ್ ಇದೇ. ಥಾಯ್ಲೆಂಡಿನಲ್ಲಿ ಆನೆಯದ್ದೂ ಉಂಟು.

ಶೆಟ್ಟರು: ಮೊನ್ನೆ ಇರುವೆ ತೇಲಿತೆಂದು ಲೋಟ ವಾಪಸ್ ಕಳಿಸಿದ್ದು ನೀವೇ ಅಲ್ವಾ?

ರಾಯರು: ಅದು ಗಲೀಜು. ಇದು ಅಭಿರುಚಿ!

ಶೆಟ್ಟರು: ಇಂಡೊನೇಷ್ಯಾದಲ್ಲಿ ಬೆಕ್ಕನ್ನು ಗೂಡಿನಲ್ಲಿ ಕೂಡಿಹಾಕುತ್ತಾರಂತಲ್ಲ?

ರಾಯರು: ನಮ್ಮದು ಕಾಡಿನಲ್ಲಿ ಸ್ವಚ್ಛಂದ ತಿರುಗುವ ಬೆಕ್ಕಂತೆ.

ಶೆಟ್ಟರು: ಪುಣ್ಯವಂತ ಪ್ರಾಣಿ. ಫಾಸ್ಟ್ ಲೋಕಲ್ ರೈಲಿನಲ್ಲಿ ನಿಮಗೆ ಕಾಲಿಡಲೂ ಜಾಗವಿಲ್ಲ. ಅಂದಹಾಗೆ, ಇವತ್ತಿನಿಂದ ಫಿಲ್ಟರ್ ಕಾಫಿಗೆ 2 ರೂಪಾಯಿ ಜಾಸ್ತಿ.

ರಾಯರು: ಏನ್ರೀ, ಹಗಲು ದರೋಡೆ!