ಮಂಡಿಯ ಕ್ಷೇತ್ರ ಮಹಾತ್ಮೆ

ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿಮಾಡಿ ‘ಹಕೀಮ’ ಅನ್ನಿಸಿಕೊಂಡ ನಂಜುಂಡನ ಊರಾದ ನಂಜನಗೂಡಿನಲ್ಲಿ ಮಂಡಿನೋವಿಗೂ ಮದ್ದಿದೆ ಎಂಬುದು ನನ್ನ ವಾದ. ಪವಾಡದ ಮಾತಲ್ಲ. ಅರವತ್ತು ದಾಟಿದ ನಮ್ಮಂಥ ಮಂಡಿವಂತರಿಗೆ ಮೂಳೆ ಡಾಕ್ಟರು ಹೇಳುವುದು ಮುಖ್ಯವಾಗಿ ಎರಡೇ: ತೂಕ ಇಳಿಸಿ, ತೊಡೆ ಗಟ್ಟಿಮಾಡಿಕೊಳ್ಳಿ. ಸವೆದ ಮೃದ್ವಸ್ಥಿ ಮರಳಿ ಬರುವುದಿಲ್ಲ. ಅದರ ಪಾಲಿನ ಹೊರೆಯನ್ನು ಸ್ನಾಯುವೇ ಹೊರಬೇಕು. ಕುರ್ಚಿ ಬಿಡದಿದ್ದರೆ ತೊಡೆ ಸೊರಗುತ್ತದೆ, ತೊಡೆ ಸೊರಗಿದರೆ ಮಂಡಿ ಇನ್ನಷ್ಟು ನೋಯುತ್ತದೆ, ನೋಯುತ್ತದೆಂದು ಮತ್ತೆ ಕುರ್ಚಿ. ಈ ಪ್ರದಕ್ಷಿಣೆಗಿಂತ ನಂಜುಂಡ ಶ್ರೀಕಂಠೇಶ್ವರನ ಪ್ರದಕ್ಷಿಣೆ ಎಷ್ಟೋ ಮೇಲು. ದೇವಸ್ಥಾನದ ಉದ್ದ 385 ಅಡಿ, ಅಗಲ 160. ಒಂದು ಸುತ್ತಿಗೆ ಸಾವಿರ ಅಡಿ ಮೀರಿತು.

ನಡೆದರೆ ನೋಯುವುದಿಲ್ಲವೇ ಎನ್ನುವವರಿಗೆ ಉರುಳುಸೇವೆ ಇದೆ. ಮಂಡಿಗೆ ಭಾರವೇ ಬೀಳದ ಸೇವೆ. ಕಪಿಲೆಯಲ್ಲಿ ಮುಳುಗಿ ಬಂದು, ಒದ್ದೆ ಪಂಚೆಯಲ್ಲಿ, ತಲೆಯಾಚೆ ಕೈ ಜೋಡಿಸಿ ಮಲಗಿದರೆ ಮಿಕ್ಕಿದ್ದನ್ನು ಹೊಟ್ಟೆ ನೋಡಿಕೊಳ್ಳುತ್ತದೆ. ತೆಳ್ಳಗಿನವರು ಮೂಳೆ ತಾಗಿ ಮುಲುಗುವಾಗ ನಾವು ಪೀಪಾಯಿಯ ಹಾಗೆ ಸಲೀಸಾಗಿ ಸಾಗುತ್ತೇವೆ. ಸಿದ್ಧಾಂತ ಎಡವುವುದು ಎರಡೇ ಕಡೆ: ಮಲಗುವಲ್ಲಿ ಮತ್ತು ಏಳುವಲ್ಲಿ. ಅಂಗಾತ ಬಿದ್ದ ಭಕ್ತ ಮೊದಲು ಮಗ್ಗುಲಾಗಬೇಕು. ಮೊಣಕೈ ಊರಬೇಕು. ಅಂಬೆಗಾಲಿಗೆ ಬರಬೇಕು. ಬಂದಮೇಲೆ ಅಲ್ಲೇ ಒಂದಿಷ್ಟು ಹೊತ್ತು ಧ್ಯಾನಸ್ಥನಂತೆ ನಟಿಸಬೇಕು. ಆಮೇಲೆ ಗೋಡೆಯೋ ಕಂಬವೋ ಎಲ್ಲಿದೆ ಎಂದು ಓರೆಗಣ್ಣಲ್ಲಿ ನೋಡಿ, ಅದರತ್ತ ಪರಮಭಕ್ತಿಯಿಂದ ತೆವಳಿ, ತಬ್ಬಿ, ‘ಶಿವಾ!’ ಎಂದು ಏಳಬೇಕು. ಸುತ್ತಲಿನವರು ಕೈಮುಗಿಯುತ್ತಾರೆ, ‘ಲಟಕ್’ ಎಂದದ್ದು ಕೀಲು ಎಂದು ಅವರಿಗೇನು ಗೊತ್ತು? ಹಾಗಾದರೆ ವಾದ ಬಿದ್ದುಹೋಯಿತೇ? ಇಲ್ಲ. ಕೂರುವುದು, ಏಳುವುದು, ಮತ್ತೆ ಕೂರುವುದು, ಇದನ್ನೇ ಫಿಸಿಯೋಥೆರಪಿಯವರು ದುಡ್ಡು ತೆಗೆದುಕೊಂಡು ಮಾಡಿಸುತ್ತಾರೆ. ಏಳುವುದೇ ಚಿಕಿತ್ಸೆ, ಉರುಳುವುದು ನೆಪ.

ಗುಂಜಾ ನರಸಿಂಹನ ತಿ.ನರಸೀಪುರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ. ನಮ್ಮ ತೂಕದ ಲೆಕ್ಕ ಗುಲಗಂಜಿಯಲ್ಲಿ ಮುಗಿಯುವುದಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ದೇಹತೂಕದ ಮೂರು ಪಟ್ಟಿಗೂ ಮಿಕ್ಕಿ ಭಾರ ಬೀಳುತ್ತದೆ. 80 ಕಿಲೋದವರ ಮಂಡಿ ಅಲ್ಲಿನ ನದಿಸಂಗಮಕ್ಕೆ ಇಳಿಯುವಾಗ ಕಡಿಮೆಯೆಂದರೂ 240 ಕಿಲೋ ಹೊರುತ್ತದೆ. 5 ಕಿಲೋ ಇಳಿಸಿದರೆ ಮಂಡಿಗೆ ಕನಿಷ್ಠ 15 ಕಿಲೋ ಉಳಿತಾಯ. ಇಷ್ಟು ಸರಳ ಗಣಿತ ಬಿಟ್ಟು, ಕಂಡಕಂಡಲ್ಲಿ ನಿಲ್ಲಿಸಿ ಎಣ್ಣೆಯ ಹೆಸರು ಹೇಳುವವರನ್ನು ಕಂಡರೆ ಮಾತ್ರ ನನಗೆ ಮಂಡಿಗಿಂತ ಮೊದಲು ತಲೆ ನೋಯುತ್ತದೆ.

ಒಂದು ಆಕ್ಷೇಪಕ್ಕೆ ಮಾತ್ರ ನಗುತ್ತ ಉತ್ತರಿಸಲಾಗದು. ಕೆಲಸವೇ ಮದ್ದಾದರೆ ನರಸೀಪುರದ ಕಡೆ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರ ಮಂಡಿ, ಸೊಂಟ ಏಕೆ ಹೋಗುತ್ತವೆ? ಮದ್ದಿಗೆ ಅಳತೆ ಬೇಕು, ನೋವು ಹೆಚ್ಚಾದಾಗ ನಿಲ್ಲಿಸುವ ಸ್ವಾತಂತ್ರ್ಯ ಬೇಕು. ಕೆಸರಿನಲ್ಲಿ ಬಗ್ಗಿ ಹಿಂದಹಿಂದಕ್ಕೆ ಸರಿಯುತ್ತ ಪೈರು ಊರುವವಳಿಗೆ ಎರಡೂ ಇಲ್ಲ; ಅವಳು ನಿಂತರೆ ಕೂಲಿಯೂ ನಿಲ್ಲುತ್ತದೆ. ಅವಳಿಗೆ ಬೇಕಾದದ್ದು ವ್ಯಾಯಾಮದ ಉಪದೇಶವಲ್ಲ, ಕೂಲಿ ಕಡಿಯದ ರಜೆ. ನನ್ನ ವಾದ ಮನೆಯಲ್ಲಿ ಕುರ್ಚಿಯೂ ತಿಂಗಳಿಗೆ ಪಿಂಚಣಿಯೂ ಇರುವವರಿಗೆ ಮಾತ್ರ ಅನ್ವಯಿಸುತ್ತದೆ.